ನಾರು ತೆಗೆಯುವವಳ ಸೇಡು

ಕಾಲು ನೋಡಿದ ಕೂಡಲೇ ಗುರಮ್ಮನಿಗೆ ಗುರುತು ಸಿಕ್ಕಿತು. ಎಡಗಾಲು, ಆರು ಬೆರಳು. ಕಿರುಬೆರಳಿನ ಪಕ್ಕದಲ್ಲಿ ಇನ್ನೊಂದು ಪುಟ್ಟ ಬೆರಳು, ಕರೆಯದೆ ಬಂದ ನೆಂಟನ ಹಾಗೆ ಅಂಟಿಕೊಂಡಿತ್ತು.

ಆರು ವರ್ಷದ ಹಿಂದೆ, ಹಿರೋಳ್ಳಿಯ ಅಪ್ಪನ ಪಡಸಾಲೆಯಲ್ಲಿ ತಲೆ ಬಗ್ಗಿಸಿ ಕೂತಾಗ ಅವಳಿಗೆ ಕಂಡದ್ದು ಈ ಕಾಲೊಂದೇ. ಹೆಣ್ಣು ನೋಡಲು ಬಂದ ವರನ ಮುಖ ನೋಡುವ ಧೈರ್ಯ ಹದಿನಾರರ ಹುಡುಗಿಗೆ ಎಲ್ಲಿಂದ ಬರಬೇಕು?

ಅವತ್ತು ಅವಳ ಹಿಮ್ಮಡಿಯಲ್ಲಿ ನಾರುಹುಣ್ಣು. ಮೆಟ್ಟಿಲ ಬಾವಿಯ ನೀರು ಕುಡಿಯುವ ಊರಲ್ಲಿ ಮನೆಗೊಬ್ಬರಿಗೆ ಆಗುವಂಥದ್ದು. ಒಳಗಿನ ದಾರದಂಥ ಹುಳ ಪೂರ್ತಿ ಹೊರಬಿದ್ದರೆ ತಿಂಗಳಲ್ಲಿ ವಾಸಿ. ಅವ್ವ ಪಟ್ಟಿ ಕಟ್ಟಿ, ಸೀರೆಯ ಅಂಚು ಇಳಿಬಿಟ್ಟು, "ಏನೂ ಆಗಿಲ್ಲ ಅನ್ನೂಹಂಗ ನಡಿ" ಅಂದಿದ್ದಳು. ವರನ ಕಾಕಾ "ನಡದು ತೋರಸು ತಂಗಿ" ಅಂದ. ನಡೆದಳು, ಕುಂಟಿದಳು. "ಹುಡುಗಿ ಕುಂಟಿ ಅದ" ಎಂದು ಎದ್ದುಹೋದವರ ಮಾತು ಆಳಂದದ ಸಂತೆಯತನಕ ಹಬ್ಬಿತು. ಕಾಲು ವಾಸಿಯಾಯಿತು. ಆ ಮಾತು ಮಾತ್ರ ಹೋಗಲಿಲ್ಲ, ಮತ್ತೊಬ್ಬ ವರ ಅವರ ಹೊಸ್ತಿಲು ತುಳಿಯಲಿಲ್ಲ. ಕೊನೆಗೆ ಅಪ್ಪ ಅವಳನ್ನು ಅಫಜಲಪುರದ ಚಿಗವ್ವನ ಮನೆಗೆ ತಂದುಬಿಟ್ಟ.

ಪಕ್ಕದ ಮನೆಯ ಮುದುಕಿ ಹುಸೇನಬೀ ನಾರು ತೆಗೆಯುವುದರಲ್ಲಿ ಎತ್ತಿದ ಕೈ. ಅವಳ ಕಣ್ಣು ಮಂಜಾದ ಮೇಲೆ ಆ ಕೆಲಸ ಗುರಮ್ಮನಿಗೆ ಬಂತು. ಈಗ ಸುತ್ತಲ ಹಳ್ಳಿಯವರೆಲ್ಲ ಗಾಡಿ ಕಟ್ಟಿಕೊಂಡು ಅವಳ ಹತ್ತಿರವೇ ಬರುತ್ತಿದ್ದರು.

ಮತ್ತೆ ಇವತ್ತು, ಇವನು!

"ಯಾವೂರ್ರಿ?"

"ಯಡ್ರಾಮಿ. ದೌಲತರಾಯ ಅಂತ್ರಿ. ಶೇಂಗಾ ವ್ಯಾಪಾರಕ್ಕ ಊರೂರು ತಿರಗಿ, ಕಂಡಲ್ಲಿ ನೀರು ಕುಡದು, ಇದನ್ನ ಗಳಿಸೇನಿ" ಅಂತ ನಕ್ಕ. ನಗು ಚೆನ್ನಾಗಿತ್ತು, ಹಾಳಾದ್ದು.

ಗುರಮ್ಮ ನಗಲಿಲ್ಲ. "ನಡದು ತೋರಸ್ರಿ" ಅಂದಳು.

ಅವನು ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಆಮೇಲೆ ಎದ್ದ. ಅಂಗಳದಲ್ಲಿ ಮಕ್ಕಳನ್ನೆತ್ತಿಕೊಂಡು ಕೂತಿದ್ದ ಏಳೆಂಟು ಹೆಂಗಸರ ಮುಂದೆ ಕುಂಟುತ್ತ ಹೋಗಿ, ಕುಂಟುತ್ತ ಬಂದ.

"ಇನ್ನೊಮ್ಮೆ. ಆ ಗ್ವಾಡಿ ಮುಟ್ಟಿ ಬರ್ರಿ."

"ಸಾಕ್ ಮಾಡ್ ಬೇಟಿ" ಅಂದಳು ಹುಸೇನಬೀ. "ಪಾಪ, ನಡಿಯಾಕ ಆಗಂಗಿಲ್ಲ ಅಂತನಽ ಬಂದಾನ."

"ನೀ ಸುಮ್ಕಿರು ನಾನಿ. ನೋಡಬೇಕಲ್ಲ, ಕುಂಟ ಹೌದೋ ಅಲ್ಲೋ ಅಂತ." ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಗುರಮ್ಮನ ಹೊಟ್ಟೆ ತಣ್ಣಗಾಯಿತು, ಆದರೆ ಪೂರ್ತಿ ಅಲ್ಲ.

ನಾರು ತೆಗೆಯುವುದು ಅವಸರದ ಕೆಲಸವಲ್ಲ. ತಣ್ಣೀರು ಸುರಿದಾಗ ಹುಳ ತಲೆ ಹೊರಹಾಕುತ್ತದೆ. ಅದನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಎರಡು ಬೆರಳಿನಷ್ಟೇ ಎಳೆದು, ಪಟ್ಟಿ ಕಟ್ಟಬೇಕು. ನಡುವೆ ಹರಿಯಿತೋ, ಕೀವು ತುಂಬಿ ಕಾಲು ಬಾತು ಜನ್ಮಪೂರ್ತಿ ಕುಂಟಬೇಕಾಗುತ್ತದೆ. ಗುರಮ್ಮ ಮೊದಲ ದಿನವೇ ನಿಶ್ಚಯಿಸಿದಳು: ಅರ್ಧ ಎಳೆದು ಹರಿಯುವುದು. ಕುಂಟ ಅಂದರೆ ಏನಂತ ಅವನಿಗೂ ಗೊತ್ತಾಗಲಿ.

ದೌಲತರಾಯ ಮಠದಲ್ಲಿ ಉಳಿದುಕೊಂಡು ದಿನಾ ಬರತೊಡಗಿದ.

"ನಿಮ್ಮ ತವರು ಯಾವುದ್ರಿ?"

"ಹುಣ್ಣಿಗೂ ನನ್ನ ತವರಿಗೂ ಏನ್ ಸಂಬಂಧ?"

"ಹುಣ್ಣಿಗಿಲ್ರಿ, ನನಗ."

"ಕಾಲು ಅಲಗಸಬ್ಯಾಡ್ರಿ. ನಾಲಗೀನೂ."

ಅವನು ನಾಲಗೆ ಕಚ್ಚಿಕೊಂಡು ಗಂಭೀರನಾಗಿ ಕೂತ. ಗುರಮ್ಮನಿಗೆ ನಗು ಉಕ್ಕಿ ಬಂತು. ಬಗ್ಗಿ ಹುಣ್ಣು ನೋಡುವ ನೆಪದಲ್ಲಿ ಮುಖ ಮುಚ್ಚಿಕೊಂಡಳು. ತಲೆಯೆತ್ತಿದರೆ ಅವನ ಕಣ್ಣು ಅವಳ ಮೇಲೆಯೇ ಇತ್ತು. ಒಂದು ದಿನ ಅವನು ತಡಮಾಡಿದಾಗ ಮೂರು ಸಲ ಬಾಗಿಲಿಗೆ ಹೋಗಿ ಬಂದಳು. ಥೂ, ನಾಚಿಕೆ ಇಲ್ಲದವಳೇ, ಎಂದು ತನ್ನನ್ನೇ ಬೈದುಕೊಂಡಳು. ನಾಳೆಯೇ ಹರಿದುಬಿಡಬೇಕು.

ಮರುದಿನ, ಹನ್ನೆರಡನೆಯ ದಿನ, ಹುಳವನ್ನು ಉಗುರಿನ ನಡುವೆ ಹಿಡಿದಿದ್ದಳು. ಒಂದು ಚಿವುಟು ಸಾಕಿತ್ತು.

"ಒಂದು ಮಾತು ಹೇಳಬೇಕ್ರಿ" ಅಂದ ದೌಲತರಾಯ. "ಹಿರೋಳ್ಳಿಯಾಗ ಒಂದು ಹುಡುಗೀನ ನೋಡಾಕ ಹೋಗಿದ್ದೆ. ಆಕಿ ಕಾಲಾಗಿನ ಪಟ್ಟಿ ಕಂಡಿತ್ತು ನನಗ. ನಾರು ಅಂತ ಗೊತ್ತಾಗಿತ್ತು. ಕಾಕಾ ಕುಂಟಿ ಅಂದ. ನಾ ಬಾಯಿ ಬಿಡಲಿಲ್ಲ."

ಗುರಮ್ಮ ಹುಳ ಹಿಡಿದ ಹಾಗೆಯೇ ತಲೆಯೆತ್ತಿದಳು. "ಗೊತ್ತಿದ್ದೂ? ಯಾಕ?"

"ಕಾಕಾನ ಅಂಜಿಕಿ. ಸುಳ್ಳು ಯಾಕ ಹೇಳ್ಲಿ, ಇನ್ನೂ ದೊಡ್ಡ ಮನಿ ಸಿಕ್ಕೀತು ಅನ್ನೂ ಆಸೆನೂ ಇತ್ತು. ಆಮ್ಯಾಲ ಯಾವ ಮನಿಗೆ ಹೋದ್ರೂ, ನಡದು ತೋರಸು ಅಂದ ಕೂಡ್ಲೆ ನಾನಽ ಎದ್ದು ಬರ್ತಿದ್ದೆ. ನನಗ ಕೂಡಾಕ ಆಗ್ತಿರಲಿಲ್ಲ, ಗುರಮ್ಮ."

ಹೆಸರು! ಅವಳು ಅವನಿಗೆ ಹೆಸರು ಹೇಳಿರಲೇ ಇಲ್ಲ. ಹುಸೇನಬೀಯೂ ಬೇಟಿ ಎಂದೇ ಕರೆಯುತ್ತಿದ್ದಳು.

"ಯಾವಾಗ ಗೊತ್ತಾತು?"

"ಮೊದಲನೇ ದಿನ. ನೀ ನನ್ನ ನಡಸಿದಾಗ."

"ಗೊತ್ತಿದ್ದೂ ನನ್ನ ಕೈಯಾಗ ಕಾಲು ಕೊಟ್ರಿ?"

"ಹರದ್ರ ಹರೀಲಿ ಅಂತ ಕೊಟ್ಟೆ."

ಗುರಮ್ಮನಿಗೆ ಮೈ ಉರಿಯಿತು. ಆರು ವರ್ಷ ಕಾದು ಕೈಗೆ ಸಿಕ್ಕ ಸೇಡನ್ನೂ ಇವನು ದಾನ ಕೊಟ್ಟವನ ಹಾಗೆ ಕೊಡುತ್ತಿದ್ದಾನಲ್ಲ! ಕೊಟ್ಟದ್ದು ತೆಗೆದುಕೊಂಡರೆ ಅದೆಂಥ ಸೇಡು? ಕಣ್ಣಲ್ಲಿ ನೀರು ತುಂಬಿ ಹುಳವೇ ಕಾಣದಾಯಿತು. ಸೆರಗಿನಿಂದ ಒರೆಸಿಕೊಂಡು, ಎರಡು ಬೆರಳಿನಷ್ಟು ಎಳೆದು, ಕಡ್ಡಿಗೆ ಸುತ್ತಿ ಪಟ್ಟಿ ಕಟ್ಟಿದಳು.

"ಕಾಲು ನೆಟ್ಟಗ ಮಾಡಿ ಕಳಸ್ತೇನಿ" ಅಂದಳು. "ಅದರ ಮ್ಯಾಲ ನಡದು ಹಿರೋಳ್ಳಿಗೆ ಹೋಗ್ರಿ. ಅಲ್ಲಿ ಮಠದ ಮುಂದ ಊರು ಕೂಡಸ್ರಿ. ಈಗ ಹೇಳಿದ್ದು ಒಂದಕ್ಷರ ಬಿಡದಂಗ ಹೇಳ್ರಿ, ಆ ಆಸೆ ಮಾತೂ."

"ನಮ್ಮ ಮನಿ ಮಾನ ಹೋಗ್ತದ. ಕಾಕಾ ಮನಿ ಬಿಡಸ್ತಾನ."

"ನನ್ನದೂ ಬಿಡಸಿದ್ರಲ್ಲ?"

ಮತ್ತೊಂದು ವಾರಕ್ಕೆ ಹುಳ ಇಡಿಯಾಗಿ ಹೊರಬಿತ್ತು. ಗಾಯ ಆರಿದ ಮೇಲೆ ಅವನು ಹೊರಟ. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಮೋಟಾರು ಓಡುತ್ತಿರಲಿಲ್ಲ, ನಡೆದೇ ಹೋಗಬೇಕು. ಹಿರೋಳ್ಳಿಗೆ ಹೋಗುತ್ತಾನೋ, ಯಡ್ರಾಮಿಗೆ ಓಡಿಹೋಗುತ್ತಾನೋ ಎಂದು ಗುರಮ್ಮ ಹನ್ನೊಂದು ದಿನ ಸರಿಯಾಗಿ ಉಣ್ಣಲಿಲ್ಲ.

ಹನ್ನೆರಡನೆಯ ದಿನ ಅಪ್ಪ ಗಾಡಿ ಹೊಡೆದುಕೊಂಡು ಬಂದ. "ಊರ ಮುಂದ ನಿಂತು ಎಲ್ಲಾ ಹೇಳಿದ, ಮಗಳ. ನಾಲ್ಕು ಮಂದಿ ಅವನ ಮಾರಿ ಮ್ಯಾಲ ಉಗಳಿದ್ರು, ಆದರೂ ನಿಲ್ಲಿಸಲಿಲ್ಲ. ನಿನಗ ಈಗಾಗಲೇ ಎರಡು ಮನಿಯಿಂದ ಕೇಳ್ಯಾರ. ನಡಿ, ಮನಿಗೆ ಹೋಗೂಣು."

"ಯಾವ ಮನಿ ಅಪ್ಪಾ? ನನ್ನ ಮನಿ ಇಲ್ಲೇ ಅದ. ಅವ್ರು ಎಲ್ಲಿ?"

"ಗಾಡಿ ಹಿಂದ ನಿಂತಾನ. ಸುದ್ದಿ ಕೇಳಿ ಅವನ ಕಾಕಾ ಮನಿಯಿಂದ ಹೊರಗ ಹಾಕಿದ."

ಗುರಮ್ಮ ಹೊರಗೆ ಹೋದಳು. ಧೂಳು ತುಂಬಿದ ತಲೆ, ಒಡೆದ ತುಟಿ. ಆದರೆ ಎರಡೂ ಕಾಲ ಮೇಲೆ ನೆಟ್ಟಗೆ ನಿಂತಿದ್ದ.

"ಮಾಫಿ ಮಾಡು" ಅಂದ.

"ಮಾಡಂಗಿಲ್ಲ. ಲಗ್ನ ಆಗ್ತೇನಿ. ಮಾಫಿ ಮಾತ್ರ ಮಾಡಂಗಿಲ್ಲ."

"ಹಂಗಾದ್ರ ದಿನಾ ಬಂದು ಕೇಳ್ತೇನಿ."

"ದಿನಾ ಯಾಕ ಬರ್ತೀರಿ?" ಗುರಮ್ಮ ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. "ಇಲ್ಲೇ ಇದ್ದು ಕೇಳ್ರಿ."