ಗೀರಿಲ್ಲದ ಎದೆ

ಆಣೆಯ ಸೋರೆಬುರುಡೆಗೆ ಹೇಗೆ ಗೊತ್ತಾಗುತ್ತದೆ? ಕೆಂಪಗಿರುವುದೆಲ್ಲ ರಕ್ತವೇ, ಅದರ ಮೇಲೆ ಹೆಸರು ಬರೆದಿರುತ್ತದೆಯೇ? ಹಾಗೆಂದುಕೊಂಡ ಮೇಲೂ ಗವರ್ನರ್ ಅಮೋರಿ ದ ಕೆರ್ಮೆಲ್‌ನ ಕೈ ಮುಂದೆ ಹೋಗಲಿಲ್ಲ. ನಂಬಿಕೆಯೇ ಇಲ್ಲದಿದ್ದರೆ ನನ್ನದನ್ನೇ ಕೊಡಬಹುದಲ್ಲ? ಎದೆಯ ಮೇಲೊಂದು ಗೀರು, ನಾಲ್ಕು ಹನಿ. ಅಷ್ಟಕ್ಕೆ ಈ ಕಳ್ಳತನ ಯಾಕೆ? ಆ ಪ್ರಶ್ನೆಯನ್ನು ಅವನು ಪೂರ್ತಿ ಕೇಳಿಕೊಳ್ಳಲಿಲ್ಲ.

ಅಡುಗೆಮನೆಯ ಕಟ್ಟೆಯ ಮೇಲೆ ತವರದ ಬೋಗುಣಿಯಿತ್ತು. ಜ್ವರ ಬಂದ ಹೆಂಡತಿ ಪೆರೀನಳ ತೋಳಿನಿಂದ, ಜ್ವರ ಇಳಿಯಲೆಂದು ಬೆಳಿಗ್ಗೆ ವೈದ್ಯ ತೆಗೆದ ರಕ್ತ ಅದರಲ್ಲಿತ್ತು. ಮೇಲೆ ಹೆಪ್ಪುಗಟ್ಟಿದ್ದನ್ನು ಸರಿಸಿ, ತೆಳ್ಳಗಿದ್ದುದನ್ನು ಅವನು ಒಂದು ಮೀನಿನ ಗಾಳಿಚೀಲಕ್ಕೆ ತುಂಬಿದ.

"ಅದು ಅಮ್ಮಾವ್ರದ್ದು ದೊರೆ," ಎಂದಳು ಅಡುಗೆಯ ಸೋವಾ. ಮಡಗಾಸ್ಕರಿನಿಂದ ಹಿಂದಿನ ಗವರ್ನರನ ಕಾಲದಲ್ಲಿ ಫ್ರೆಂಚರ ಈ ಬೂರ್ಬೋನ್ ದ್ವೀಪಕ್ಕೆ ಬಂದವಳು.

"ಗೊತ್ತು. ಚೆಲ್ಲೋದು ತಾನೇ?"

"ಚೆಲ್ಲಿ. ನಾಯಿಗೆ ಹಾಕಿ. ಆಣೆಗೆ ಬೇಡಿ. ನಮ್ಮ ಆಣೆ ನಾಲಿಗೆ ಮಾತು ಕೇಳಲ್ಲ, ರಕ್ತದ ಮಾತು ಕೇಳತ್ತೆ."

"ಹೌದೇನು? ಕಿವಿ ಎಲ್ಲಿದೆ ಅದಕ್ಕೆ? ನಿನ್ನ ಸಾರಿನ ಮಡಕೇಲಾ?" ಅವನು ನಕ್ಕ. ಅವಳು ನಗಲಿಲ್ಲ. ಒಲೆಯ ಮೇಲೆ ಆಮೆಯ ಕೊಬ್ಬು ಕರಗುತ್ತ ಸಿಡಿಯುತ್ತಿತ್ತು.

ಕಂದರದ ಬಾಯಲ್ಲಿ ಲಹಿಮೇನ ಕಾದಿದ್ದ. ಸೋವಾಳ ನಾಡಿನವನೇ; ಒಡೆಯರಿಂದ ತಪ್ಪಿಸಿಕೊಂಡು ಬೆಟ್ಟ ಸೇರಿದ ಮೂವತ್ತು ಗುಲಾಮರ ನಾಯಕ. ಇವರನ್ನು ಒಂದು ಗುಂಡೂ ಹಾರಿಸದೆ ಕೆಳಗಿಳಿಸುತ್ತೇನೆಂದು ಗವರ್ನರ್ ಸೇಂಟ್ ಪಾಲ್ ಊರಿನ ವಲಸಿಗರಿಗೆ ಮಾತು ಕೊಟ್ಟಿದ್ದ. ಲಹಿಮೇನನಿಗೆ ಬೇರೆ ಮಾತು ಕೊಟ್ಟಿದ್ದ: ಇಳಿದು ಬಂದರೆ ಸಂಕೋಲೆಯಿಲ್ಲ, ಚಾಟಿಯಿಲ್ಲ. ಆ ಮಾತಿಗೆ ಲಹಿಮೇನ ರಕ್ತದ ಆಣೆ ಕೇಳಿದ್ದ.

ಸೋರೆಬುರುಡೆಯ ನೀರಿನಲ್ಲಿ ಮಣ್ಣು, ಬಂದೂಕಿನ ಮದ್ದು, ಒಂದು ಚೂರು ಚಿನ್ನ. ಲಹಿಮೇನ ಎದೆ ಗೀರಿ ಹನಿಗಳನ್ನು ಬೀಳಿಸಿದ. ಗವರ್ನರ್ ಪ್ರಾರ್ಥನೆಯ ನೆಪದಲ್ಲಿ ಬೆನ್ನು ತಿರುಗಿಸಿ ಅಂಗಿಯೊಳಗೆ ಕೈ ಹಾಕಿದ. ಚೀಲ ಒಡೆಯಿತು. ಬೆರಳುಗಳಿಂದ ತೊಟ್ಟಿಕ್ಕಿದ್ದನ್ನು ಬುರುಡೆಗೆ ಬಿಟ್ಟ.

"ದೇವರಿಗೆ ಹೇಳ್ಕೊಂಡ್ಯಾ?" ಎಂದ ಲಹಿಮೇನ. "ಒಳ್ಳೇದು. ಅವನೂ ಒಬ್ಬ ಸಾಕ್ಷಿ." ಆಮೇಲೆ ಭರ್ಜಿಯ ತುದಿಯಿಂದ ನೀರು ಕಲಕುತ್ತ, ಬೇರೆಯದೇ ದನಿಯಲ್ಲಿ ಹೇಳಿದ: "ಇವತ್ತಿಂದ ನಾವು ಒಂದೇ ಹೊಟ್ಟೇಲಿ ಹುಟ್ಟಿದೋರು. ನನ್ನನ್ನ ಹಿಡಿದುಕೊಟ್ಟೋನು ನೀನಾದ್ರೆ, ನನಗೆ ಬಿದ್ದದ್ದೆಲ್ಲ ನೀನು ಸುರಿದ ಈ ರಕ್ತಕ್ಕೆ ಬೀಳಲಿ. ಮೋಸ ಮಾಡಿದೋನು ನಾನಾದ್ರೆ, ನನ್ನ ರಕ್ತಕ್ಕೆ."

ಇಬ್ಬರೂ ಕುಡಿದರು. ತುಕ್ಕಿನ ರುಚಿ. ಗವರ್ನರನ ಹಲ್ಲಿನ ಸಂದಿಯಲ್ಲಿ ಮಣ್ಣು ಉಳಿಯಿತು.

"ನಿನ್ನ ಹೆಂಡತಿಗೆ ಜ್ವರ ಅಂತಲ್ಲೋ ತಮ್ಮಾ. ಜೇನು ತಗೊಂಡು ಹೋಗು. ನಮ್ಮನೆ ಸೊಸೆ ಅಲ್ವಾ ಇನ್ನು."

ಮೂರನೆಯ ದಿನ ಲಹಿಮೇನ ತಮ್ಮನ ಮನೆಗೆ ಊಟಕ್ಕೆ ಬಂದ. ಬಾಗಿಲಲ್ಲೇ ಸಿಪಾಯಿಗಳು ಅವನನ್ನು ಕೆಡವಿ ಕಟ್ಟಿದರು. ಮೊದಲು ಅವನಿಗೆ ನಗು ಬಂತು.

"ಇದೇನೋ ತಮ್ಮಾ, ನೆಂಟರನ್ನ ಕೂರಿಸೋದು ನಿಮ್ಮಲ್ಲಿ ಹೀಗೇನಾ?"

ಗವರ್ನರ್ ಕಿಟಕಿಯ ಕಡೆ ನೋಡುತ್ತಿದ್ದ. ಲಹಿಮೇನ ಆ ಮುಖವನ್ನು ದಿಟ್ಟಿಸಿದ. "ಬಿಚ್ಚಿಸು," ಎಂದ ಮೆಲ್ಲಗೆ. "ನನಗೋಸ್ಕರ ಅಲ್ಲ. ನಿನಗೋಸ್ಕರ."

ಮರುದಿನ ಬೆಳಿಗ್ಗೆ ಕಪ್ಪು ಮರಳಿನ ದಂಡೆಯಲ್ಲಿ ಊರೆಲ್ಲ ಸೇರಿತ್ತು. ಮೊದಲ ಚಾಟಿಯೇಟಿಗೆ ಗವರ್ನರನಿಗೆ ಅರಿವಿಲ್ಲದೆಯೇ ಭುಜ ಬಿಗಿಯಿತು. ಏನೂ ಆಗಲಿಲ್ಲ. ತನ್ನ ಬೆನ್ನು ತಣ್ಣಗಿತ್ತು, ಒಣಗಿತ್ತು. ಅವನು ಉಸಿರು ಬಿಟ್ಟ. ಬಹುಶಃ ಮುಗುಳ್ನಕ್ಕ ಕೂಡ.

ಆಗ ಮನೆಯ ಕಡೆಯಿಂದ ಚೀರಾಟ ಕೇಳಿತು.

ಎರಡನೆಯ ಏಟು. ಮತ್ತೆ ಚೀರಾಟ. ಲಹಿಮೇನನ ಬೆನ್ನಿನ ಮೇಲೆ ಒಂದು ಗೆರೆಯೂ ಇರಲಿಲ್ಲ. ಚಾಟಿ ಹಿಡಿದವನು ತನ್ನ ಕೈಯನ್ನೇ ನೋಡಿಕೊಂಡ. ಮೂರನೆಯದು ಬಿತ್ತು. ನಾಲ್ಕನೆಯದು. ಗವರ್ನರನ ಕೈ ಮೇಲೇರಿತು.

"ನಿಲ್ಲಿಸಿ!"

"ಯಾಕೆ ದೊರೆ, ಕರುಳು ಚುರ್ ಅಂತಾ?" ವಲಸಿಗರ ಮುಖಂಡ ತೂಸೇನ್ ಬಂದೂಕಿನ ಮೇಲೆ ಗಲ್ಲವೂರಿ ನಿಂತಿದ್ದ. "ಚಾಟಿ ಹತ್ತದ ಚರ್ಮಕ್ಕೆ ಹಗ್ಗ ಇದೆ. ಮಧ್ಯಾಹ್ನದ ಗಂಟೆಗೆ ನೇತು ಹಾಕ್ತೀವಿ."

"ನಾನು ಗವರ್ನರ್. ಬಿಡುಗಡೆ ಮಾಡ್ತಿದೀನಿ ಅವನನ್ನ."

"ಮಾಡಿ ನೋಡಿ. ನಿಮ್ಮ ಸಿಪಾಯಿಗಳೂ ಸೇರಿ ನಾವು ನಲವತ್ತು ಬಂದೂಕು. ನೀವು ಒಂದು ಟೋಪಿ."

ಜನ ನಕ್ಕರು.

ಉಗ್ರಾಣದ ಕತ್ತಲಲ್ಲಿ ಲಹಿಮೇನ ಕಂಬಕ್ಕೆ ಒರಗಿ ಕೂತಿದ್ದ. ಹಳೆಯ ಕೊಬ್ಬಿನ ನಾತ. ಗವರ್ನರ್ ಬಾಗಿಲು ಮುಂದಕ್ಕೆಳೆದುಕೊಂಡ.

"ಅಂಗಿ ಬಿಚ್ಚು," ಎಂದ ಲಹಿಮೇನ.

ಅವನು ಬಿಚ್ಚಿದ. ಬೆಳ್ಳನೆಯ ಎದೆ. ಒಂದು ಗೀರೂ ಇಲ್ಲ.

"ಯಾರದ್ದು?"

ಗವರ್ನರ್ ಮನೆಯ ಕಡೆ ತಿರುಗಿದ.

"ಜೇನು ಕಳಿಸಿದ್ನಲ್ಲ... ಆ ಹೆಣ್ಣಿಂದಾ?" ಲಹಿಮೇನ ಕಣ್ಣು ಮುಚ್ಚಿಕೊಂಡ. "ನೀನು ನನಗೆ ಮೋಸ ಮಾಡಿದ್ದು ದೊಡ್ಡದಲ್ಲ ಬಿಡು."

"ಅವಳನ್ನ ಬಿಡಿಸೋದು ಹೇಗೆ? ಹೇಳು. ಏನ್ ಬೇಕಾದ್ರೂ ಕೇಳು."

"ನನ್ನ ಕೈಲಿಲ್ಲ. ಸುರಿದದ್ದು ತನ್ನ ರಕ್ತ ಅಂತ ಸುರಿದೋನ ಬಾಯಿಂದಾನೇ ಆಕೆ ಕೇಳಬೇಕು. ಕೇಳಿ, 'ನಾನು ಕೊಟ್ಟಿಲ್ಲ' ಅಂದ್ರೆ ಆಣೆ ಆಕೇನ ಬಿಡತ್ತೆ."

"ಬಿಟ್ಟು?"

"ಸುರಿದೋನನ್ನ ಹುಡುಕ್ಕೊಂಡು ಬರತ್ತೆ."

ಕೋಣೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಜೇನಿನ ವಾಸನೆ, ಅದರಡಿಯಲ್ಲಿ ಹಸಿ ಗಾಯದ ವಾಸನೆ. ಪೆರೀನ್ ಬೋರಲು ಮಲಗಿದ್ದಳು. ಬೆನ್ನಿನ ಮೇಲೆ ನಾಲ್ಕು ಗೆರೆಗಳು ಬಾಯಿ ತೆರೆದಿದ್ದವು. ಸೋವಾ ಬಾಳೆಯೆಲೆಯಿಂದ ಗಾಳಿ ಹಾಕುತ್ತಿದ್ದಳು. ಅವನನ್ನು ಕಂಡು ಎದ್ದು ಗೋಡೆಗೆ ಸರಿದಳು.

"ಅಮೋರಿ? ಯಾರೋ ಹೊಡೆದ್ರು. ಯಾರೂ ಇರಲಿಲ್ಲ. ಹೊಡೆದ್ರು."

"ಹೂಂ."

"ನಾನೇನ್ ಮಾಡಿದ್ದೆ?"

ಅವನು ಮಂಡಿಯೂರಿ ಅವಳ ಕೈ ಹಿಡಿದ. ಬೆಂಕಿಯಂಥ ಕೈ. ಒಂದು ವಾಕ್ಯ, ಅಷ್ಟೇ. ನಾಲಿಗೆಯ ತುದಿಯವರೆಗೆ ಬಂದಿತ್ತು. ತನ್ನ ಕೊರಳು ತನಗೆ ಇಷ್ಟು ಸ್ಪಷ್ಟವಾಗಿ ಹಿಂದೆಂದೂ ಗೊತ್ತಾಗಿರಲಿಲ್ಲ. ಅಲ್ಲಿ ನಾಡಿ ಮಿಡಿಯುವುದು, ಉಗುಳು ಇಳಿಯುವುದು.

"ಹೇಳಿ ದೊರೆ," ಎಂದಳು ಸೋವಾ.

"ಏನದು?" ಪೆರೀನ್ ತಲೆಯೆತ್ತಲು ನೋಡಿದಳು. "ಏನೋ ಮುಚ್ಚಿಡ್ತಿದೀಯಾ?"

"ಇಲ್ಲ. ಜ್ವರ. ಜ್ವರದ ಭ್ರಮೆ, ಅಷ್ಟೇ."

"ನೀನು ಬಂದ್ಯಲ್ಲ," ಎಂದಳು ಅವಳು. "ಇನ್ನು ಹೆದರಿಕೆಯಿಲ್ಲ."

ಇಗರ್ಜಿಯ ಮಧ್ಯಾಹ್ನದ ಗಂಟೆ ಬಡಿಯಿತು.

ಅವಳ ಬೆರಳುಗಳು ಅವನ ಅಂಗೈಯೊಳಗೆ ಸೆಟೆದುಕೊಂಡವು. ಕೊರಳ ಸುತ್ತ ಚರ್ಮ ಒಳಗಿಳಿಯಿತು. ಹಗ್ಗವಿಲ್ಲ. ಹಗ್ಗದ ಹುರಿಯ ಅಚ್ಚು ಮಾತ್ರ. ಅವಳ ದೇಹ ಹಾಸಿಗೆಯಿಂದ ಒಂದು ಗೇಣು ಮೇಲೆದ್ದಿತು. ಸೋವಾ ಕಿರುಚುತ್ತಿದ್ದಳು, ಹೇಳಿ, ಈಗಲಾದ್ರೂ ಹೇಳಿ. ಪೆರೀನಳ ಕಣ್ಣು ಅವನ ಮೇಲಿತ್ತು. ಅವನನ್ನೇ ನೋಡುತ್ತಿತ್ತು. ಕೇಳುತ್ತಿತ್ತು. ಅವನು ಬಾಯಿ ತೆರೆದ. ಗಾಳಿ ಬಂತು. ಮಾತು ಬರಲಿಲ್ಲ. ಮಂಚ ಕಿರುಗುಟ್ಟಿತು. ಒಮ್ಮೆ. ಮತ್ತೊಮ್ಮೆ. ಆಮೇಲೆ ಇಲ್ಲ.

ದಂಡೆಯಲ್ಲಿ ಲಹಿಮೇನ ಹಗ್ಗದಲ್ಲಿ ತೂಗುತ್ತ, ಕಣ್ಣು ಬಿಟ್ಟುಕೊಂಡು, ಸಲೀಸಾಗಿ ಉಸಿರಾಡುತ್ತಿದ್ದ. ತುಸು ಹೊತ್ತಿನಲ್ಲಿ ತೂಸೇನನೇ ಹಗ್ಗ ಕತ್ತರಿಸಿದ. ಬೆಟ್ಟದ ದಾರಿ ಹಿಡಿದವನನ್ನು ಯಾರೂ ತಡೆಯಲಿಲ್ಲ. ಆದರೆ ಅವನು ನೇರ ಬೆಟ್ಟಕ್ಕೆ ಹೋಗಲಿಲ್ಲ. ಗವರ್ನರನ ಮನೆಯ ಬೇಲಿಯಾಚೆ ನಿಂತು, ಸತ್ತ ಸೊಸೆಗೆ ಅತ್ತಂತೆ ತನ್ನ ಭಾಷೆಯಲ್ಲಿ ಗಟ್ಟಿಯಾಗಿ ಅತ್ತು ಹೋದ.

ಕೆರ್ಮೆಲ್ ಇನ್ನೂ ಹನ್ನೊಂದು ವರ್ಷ ದ್ವೀಪವನ್ನು ಆಳಿದ. ಪ್ಯಾರಿಸಿಗೆ ಬರೆದ ಪತ್ರದಲ್ಲಿ ಹೆಂಡತಿ ಜ್ವರದಿಂದ ತೀರಿಕೊಂಡಳೆಂದಿತ್ತು. ಪಾದ್ರಿಯ ಮುಂದೆ ಲಹಿಮೇನನಿಗೆ ಮಾಡಿದ ಮೋಸವನ್ನು ಒಪ್ಪಿಕೊಂಡ, ಕ್ಷಮೆಯನ್ನೂ ಪಡೆದ. ಸೋವಾ ಆ ಮನೆ ಬಿಟ್ಟು ಹೋದಳು. ಅವನು ಅವಳನ್ನು ಹುಡುಕಿಸಲಿಲ್ಲ.

ಆಣೆಯ ಬುರುಡೆಗೆ ಸುರಿದದ್ದು ನಿನ್ನ ರಕ್ತ ಎಂದು ಅವನು ಪೆರೀನಳಿಗೆ ಹೇಳಲೇ ಇಲ್ಲ.