ನಕ್ಷೆಯಲ್ಲಿಲ್ಲದ ಕೋಣೆ

ಕಬ್ಬಿಣದ ಸರಳು ನನ್ನ ಕಿವಿ ಸವರಿಕೊಂಡು ಹೋಗಿ ಗೋಡೆಗೆ ಬಡಿಯಿತು.

ಎರಡನೇ ಏಟಿಗೆ ಅವನು ಕೈ ಎತ್ತುವಷ್ಟರಲ್ಲಿ ಮಣಿಕಟ್ಟು ಹಿಡಿದು ತಿರುಚಿದೆ. ಸರಳು ಕೆಳಗೆ ಬಿತ್ತು.

"ಮಾವ ಇಲ್ಲಿಲ್ಲ ಅಂದೆನಲ್ಲ," ಅಂತ ಹಲ್ಲು ಕಚ್ಚಿದ. ಮೇಷ್ಟ್ರ ಅಳಿಯ. ಆಳು ಗಟ್ಟಿ, ಸುಳ್ಳು ಮಾತ್ರ ಪೊಳ್ಳು.

"ಅವರ ಚಪ್ಪಲಿ ಬಾಗಿಲಲ್ಲೇ ಇದೆ. ದಾರಿ ಬಿಡು."

ಗಂಟೆ ಹತ್ತು. ಹನ್ನೊಂದಕ್ಕೆ ಅಕ್ಕನ ಮನೆಗೆ ಬುಲ್ಡೋಜರ್ ಬರುವುದಿತ್ತು.

ನನ್ನ ಕೆಲಸ ನಿಮಗೆ ಗೊತ್ತಲ್ಲ ಸರ್. ಮನೆ ಕೊಳ್ಳುವವರ ಪರವಾಗಿ ಹೋಗಿ ಪತ್ರ ನೋಡುತ್ತೇನೆ, ಗೋಡೆ ನೋಡುತ್ತೇನೆ. ಮೊದಲು ಮಂಜೂರಾದ ಪ್ಲಾನ್ ಕೈಯಲ್ಲಿ ಹಿಡಿದು ಬಾಗಿಲು ಎಣಿಸುತ್ತೇನೆ. ಒಂದು ಬಾಗಿಲು ಜಾಸ್ತಿ ಬಂತೋ, ಅಲ್ಲೊಂದು ಸುಳ್ಳಿದೆ. ಇದನ್ನು ಕಲಿಸಿದ್ದು ಮೇಷ್ಟ್ರು. ಸರ್ವೆಯರ್ ಆಗಿದ್ದವರು. ಅಕ್ಕ ಕೊಂಡಿದ್ದು ಅವರದೇ ಮನೆಯನ್ನು.

ಭಾವ ಸೂರಿನಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು. ಆ ಮನೆಗೆ ಬೀದಿಯಿಂದಲೇ ಎಂಟು ಕಡಿದಾದ ಮೆಟ್ಟಿಲು, ಇಳಿಜಾರು ಕಟ್ಟಲು ಜಾಗವಿಲ್ಲ. ಹಿತ್ತಲ ಕೋಣೆ ಮಾತ್ರ ನೆಲಮಟ್ಟದ್ದು. ಅಲ್ಲಿಂದ ಭಾವ ಗಾಲಿಕುರ್ಚಿ ತಳ್ಳಿಕೊಂಡು, ಯಾರ ಕೈಯನ್ನೂ ಕಾಯದೆ ಬಿಸಿಲಿಗೆ ಬರಬಹುದು. ಆ ಒಂದು ಕೋಣೆಗಾಗಿ ಅಕ್ಕ ಇಡೀ ಮನೆ ಕೊಂಡಳು.

ನೋಡಲು ಹೋದ ದಿನ ಪ್ಲಾನ್ ನನ್ನ ಚೀಲದಲ್ಲೇ ಇತ್ತು. ತೆಗೆದೆ. ಮೇಷ್ಟ್ರು ನಕ್ಕರು.

"ನನ್ನ ಮನೇಲೂ ಎಣಿಸ್ತೀಯೇನೋ?"

ನನಗೆ ಮುಖ ಎತ್ತಲಾಗಲಿಲ್ಲ. ಪ್ಲಾನನ್ನು ವಾಪಸ್ ಚೀಲಕ್ಕೆ ತುರುಕಿದೆ.

"ಹಿಂದಿನ ಕೋಣೆಗೆ ಪರ್ಮಿಷನ್ ಇದೆ. ಪತ್ರ ಹುಡುಕಿ ಕೊಡ್ತೀನಿ," ಅಂದರು. ನಂಬಿದೆ. ಆರು ತಿಂಗಳಿಗೆ ಬಂದದ್ದು, ಆ ಕೋಣೆ ಕೆಡವುತ್ತೇವೆ ಅಂತ ನಗರಸಭೆಯ ನೋಟಿಸ್. ಅಷ್ಟು ಹೊತ್ತಿಗೆ ಮೇಷ್ಟ್ರ ಫೋನ್ ಸ್ವಿಚ್ ಆಫ್...

ಅವತ್ತು ಅಳಿಯನನ್ನು ಪಕ್ಕಕ್ಕೆ ತಳ್ಳಿ ಅವನ ಮನೆಯೊಳಗೆ ನುಗ್ಗಿದೆ. ಮೇಷ್ಟ್ರು ಮಂಚದ ತುದಿಯಲ್ಲಿ ಕೂತಿದ್ದರು.

"ಪತ್ರ ಎಲ್ಲಿ?"

"ಇಲ್ಲ ಕಣೋ."

"ಅರ್ಜಿ?"

"ಹಾಕೇ ಇಲ್ಲ. ನನ್ನವಳಿಗೆ ಮೂರೇ ತಿಂಗಳು ಅಂದಿದ್ರು ಡಾಕ್ಟರು. ಪರ್ಮಿಷನ್ ಬರೋಕೆ ಆರು ತಿಂಗಳು. ಗಿಡ ಕಾಣೋ ಹಾಗೆ ಮಲಗಿಸಬೇಕಿತ್ತು ಅವಳನ್ನ... ಕಟ್ಟಿಬಿಟ್ಟೆ."

ಮೇಷ್ಟ್ರ ಹೆಂಡತಿ ನನಗೆ ಎಷ್ಟು ಸಲ ಊಟ ಬಡಿಸಿದ್ದರೋ ಲೆಕ್ಕವಿಲ್ಲ.

"ಅದಕ್ಕೆ ನನ್ನಕ್ಕನ ತಲೆಗೆ ಕಟ್ಟಿದ್ರಾ?"

"ಬೇರೆಯವರು ಕೊಂಡಿದ್ರೆ ಅವಳ ಕೋಣೇನ ಒಡೆದು ಹಾಕ್ತಿದ್ರು. ನೀನಾದ್ರೆ ಹೇಗಾದ್ರೂ ಉಳಿಸ್ಕೋತೀಯ ಅಂತ..."

ಹೊಡೆಯಲೆಂದೇ ಹೋಗಿದ್ದವನು ನಾನು. ಕೈ ಏಳಲಿಲ್ಲ.

"ಏಳಿ. ಬೈಕ್ ಹತ್ತಿ. ಕೆಡವೋಕೆ ಬರೋರ ಮುಂದೆ ಇದನ್ನೇ ಹೇಳಿ."

ಎರಡು ಸಿಗ್ನಲ್ ಹಾರಿಸಿದೆ. ಲಾರಿಯೊಂದು ಮೊಣಕಾಲಿಗೆ ಉಜ್ಜಿಕೊಂಡೇ ಹೋಯಿತು. ಮೇಷ್ಟ್ರು ಹಿಂದೆ ನನ್ನ ಅಂಗಿ ಹಿಡಿದು ಕೂತಿದ್ದರು.

ಹನ್ನೊಂದಕ್ಕೆ ಐದು ನಿಮಿಷವಿತ್ತು. ಯಂತ್ರ ಆಗಲೇ ಓಣಿಯೊಳಗೆ ನಿಂತಿತ್ತು. ನಗರಸಭೆಯ ಇಂಜಿನಿಯರ್ ಮೇಷ್ಟ್ರ ಮಾತು ಪೂರ್ತಿ ಕೇಳಿದ. ಒಳ್ಳೆಯ ಮನುಷ್ಯನೇ.

"ಜಾಗವೇ ಬಿಡದೆ ಪಕ್ಕದ ಮನೆ ಗೋಡೆಗೆ ಅಂಟಿಸಿ ಕಟ್ಟಿದೀರಿ ಸ್ವಾಮಿ. ಈಗ ಅರ್ಜಿ ಹಾಕಿದ್ರೂ ಉಳಿಯಲ್ಲ."

ಭಾವ ಅಂಗಳದಲ್ಲಿ ಗಾಲಿಕುರ್ಚಿಯ ಮೇಲಿದ್ದರು. ತೊಡೆಯ ಮೇಲೆ ರೇಡಿಯೊ, ಮಡಿಸಿದ ಹೊದಿಕೆ. ಅಕ್ಕ ನನ್ನ ಹತ್ತಿರ ಬಂದಳು.

"ನೀನು ನೋಡಿದ್ದೆ ತಾನೇ? ಎಲ್ಲ ನೋಡಿಯೇ ಸರಿಯಿದೆ ಅಂದಿದ್ದೆ ತಾನೇ?"

"ತಪ್ಪು ನಂದಮ್ಮ," ಅಂತ ಮೇಷ್ಟ್ರು ಬಾಯಿ ಹಾಕಿದರು.

"ನಾನು ನಿಮ್ಮನ್ನ ಕೇಳ್ತಿಲ್ಲ."

ಸುಳ್ಳು ಹೇಳುವವರನ್ನೇ ಇಪ್ಪತ್ತು ವರ್ಷ ಹಿಡಿದವನು ನಾನು. ಅಕ್ಕನ ಮುಂದೆ ನನಗೊಂದು ಸುಳ್ಳೂ ಹುಟ್ಟಲಿಲ್ಲ.

"ನೋಡಲಿಲ್ಲ ಅಕ್ಕ."

ಅವಳು ಬೈಯಲಿಲ್ಲ. ಅಳಲೂ ಇಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಇಪ್ಪತ್ತು ನಿಮಿಷದಲ್ಲಿ ಕೋಣೆ ನೆಲಕ್ಕೆ ಬಂತು. ಭಾವನನ್ನು ಬೆನ್ನ ಮೇಲೆ ಹೊತ್ತು ಎಂಟು ಮೆಟ್ಟಿಲು ಹತ್ತಿದೆ.

"ಭಾರ ಆಯ್ತೇನೋ?"

"ಇಲ್ಲ ಭಾವ."

ಅವರ ಕಣ್ಣೀರು ನನ್ನ ಕುತ್ತಿಗೆಗೆ ಬಿತ್ತು. ನನ್ನದು ಅವರಿಗೆ ಕಾಣಲಿಲ್ಲ, ಅಷ್ಟೇ.

ಈಗ ದಿನಾ ಬೆಳಗ್ಗೆ ಅವರನ್ನು ಬಿಸಿಲಿಗೆ ಇಳಿಸಿ, ಮತ್ತೆ ಹತ್ತಿಸಿ ಬರುತ್ತೇನೆ. ಅಕ್ಕ ಬಾಗಿಲು ತೆಗೆಯುತ್ತಾಳೆ, ಕಾಫಿ ಇಡುತ್ತಾಳೆ. ಮಾತು ಮಾತ್ರ ಇಲ್ಲ... ಎಂಟು ತಿಂಗಳಾಯಿತು.

ನಿಮ್ಮ ಮನೆ ನೋಡಲು ನಾಳೆ ಒಂಬತ್ತರ ಮೇಲೆ ಬರುತ್ತೇನೆ ಸರ್. ಅದಕ್ಕಿಂತ ಮೊದಲು ನನಗೆ ಬೇರೆ ಡ್ಯೂಟಿ ಇದೆ.