ಬಿಲ್ಲಿನ ಮರದ ತೂಕ

ಡಾಕ್ಟರು ಅಪ್ಪನಿಗೆ ಎರಡು ವಾರದ ಗಡುವು ಕೊಟ್ಟಿದ್ದರು. ಬಿಲ್ಲು ಮಾಡುವುದೇ ಅಪ್ಪನ ಕಸುಬು. ನಾನು ಮಾಡಿದ ಮೊದಲ ಬಿಲ್ಲನ್ನು ಕೈಯಲ್ಲಿ ಹಿಡಿದು ನೋಡಬೇಕೆಂಬುದೊಂದೇ ಅವರ ಆಸೆ. ಅಪರಿಚಿತರೆದುರು ನಾಲಿಗೆಯೇ ಏಳದ ನಾನು, ಗಂಟಿಲ್ಲದ, ಚೆನ್ನಾಗಿ ಒಣಗಿದ ಮರಕ್ಕಾಗಿ ಒಂಬತ್ತು ಅಂಗಡಿ ಅಲೆದೆ.

ಕೊನೆಯ ಅಂಗಡಿಯ ಮುದುಕ ಹಿಂದಿನ ಕೋಣೆಯಿಂದ ಒಂದು ಸೀಳು ತಂದ. "ತಗೊಂಡ್ಹೋಗಮ್ಮ, ಒಣಗೋದ್ರಲ್ಲಿ ನನಗೇ ಅಣ್ಣ ಇದು" ಎಂದು ನಕ್ಕ. ಮರ ಬೆಚ್ಚಗಿತ್ತು. ಬಿಸಿಲು ಬೀಳಲು ಆ ಕೋಣೆಗೆ ಕಿಟಕಿಯೇ ಇರಲಿಲ್ಲ.

ತೂಕ ಇಳಿಯುವುದು ನಿಂತ ಮೇಲೆಯೇ ಮರ ಕೆತ್ತಬೇಕೆಂದು ಅಪ್ಪ ಕಲಿಸಿದ್ದರು. ಅಡುಗೆಮನೆಯ ಮುಳ್ಳಿನ ತಕ್ಕಡಿಯಲ್ಲಿ ತೂಗಿ ದಿನವೂ ಡೈರಿಯಲ್ಲಿ ಬರೆದೆ. ಮೊದಲ ದಿನ ಎರಡು ಕಿಲೋ, ಮರುದಿನ ಎರಡೂಕಾಲು. ಒಲೆಯ ಪಕ್ಕದಲ್ಲೇ ಇಟ್ಟರೂ ಐದನೆಯ ದಿನಕ್ಕೆ ಮೂರಾಯಿತು.

ದಿಕ್ಕು ತೋಚದೆ ಅದನ್ನು ಅಪ್ಪನ ಹಾಸಿಗೆಯ ಬಳಿ ಒಯ್ದೆ. ಅವರು ಮರದ ಉದ್ದಕ್ಕೂ ಬೆರಳಾಡಿಸಿದರು.

"ಜೊತೆಗೆ ಯಾರನ್ನ ಕರ್ಕೊಂಡು ಬಂದಿದ್ದೀಯ, ಮಗಳೇ?"

"ಯಾರೂ ಇಲ್ಲಪ್ಪ, ನಾನೊಬ್ಬಳೇ."

"ಆಗಿನಿಂದ ನಿಂತೇ ಇದ್ದಾರೆ. ಕೂರೋಕೆ ಹೇಳಮ್ಮ" ಎಂದು ಬಾಗಿಲತ್ತ ನೋಡಿದರು.

ಅಲ್ಲಿ ಯಾರೂ ಇರಲಿಲ್ಲ. ಬೇರೆ ಮರ ಹುಡುಕಲು ದಿನಗಳೂ ಉಳಿದಿರಲಿಲ್ಲ. ಅಡುಗೆಮನೆಗೆ ಬಂದು ಮತ್ತೊಮ್ಮೆ ತೂಗಿದೆ. ಮುಳ್ಳು ಮೂರೂವರೆಗೆ ಬಂತು. ಆದದ್ದಾಗಲಿ, ಇವತ್ತೇ ಕೆತ್ತಲು ಕೂರುತ್ತೇನೆಂದು ಮರವನ್ನು ಎತ್ತಿಕೊಂಡೆ.

ತಕ್ಕಡಿಯ ತಟ್ಟೆ ಖಾಲಿಯಾಗಿತ್ತು. ಮುಳ್ಳು ಮೂರೂವರೆಯಲ್ಲೇ ನಿಂತಿತ್ತು.